ತೋಳಿನ ಮೇಲಿನ ದೇವಿ

ಹೊನ್ನಾವರ
8 ಜನವರಿ 1949

ಸರೋಜಾ,

ರಾತ್ರಿ ಎರಡೂ ಕಾಲು ಗಂಟೆ. ನನ್ನನ್ನು ಎಬ್ಬಿಸಿದ್ದು ಒಂದು ಸೀನು. ದೊಡ್ಡವರದಲ್ಲ, ಐದು ತಿಂಗಳ ಕೂಸಿನದು. ಬೆಕ್ಕಿನ ಮರಿ ಸೀನಿದಷ್ಟೇ ಸದ್ದು. ಅವಳೇನೋ ಸೀನಿ ಮತ್ತೆ ಮಲಗಿಬಿಟ್ಟಳು. ನಾನು ಕಂದೀಲು ದೊಡ್ಡದು ಮಾಡಿ ಹಣೆ, ಹೊಟ್ಟೆ, ಅಂಗಾಲು ಮುಟ್ಟಿ ನೋಡಿದೆ. ತಣ್ಣಗಿತ್ತು. ಮತ್ತೆ ಮುಟ್ಟಿದೆ. ಮೂರನೆಯ ಸಲಕ್ಕೆ ಇವರು ಮಗ್ಗುಲಾಗಿ, "ನೀ ಮುಟ್ಟಿ ಮುಟ್ಟಿಯೇ ಅದಕ್ಕೆ ಜ್ವರ ಬರಿಸ್ತೆ" ಎಂದು ಹೇಳಿ ಗೊರಕೆ ಮುಂದುವರಿಸಿದರು.

ನಾಲ್ಕು ವರ್ಷದ ಮೇಲೆ ನನ್ನ ಅಕ್ಷರ ನೋಡುತ್ತಿದ್ದೀಯ. ಧಾರವಾಡದ ಹಾಸ್ಟೆಲಿನಲ್ಲಿ ಒಂದೇ ಕೋಣೆ, ಒಂದೇ ಕನ್ನಡಿ. ನೀನು ಇಂಟರ್ ಮುಗಿಸಿ ನರ್ಸಿಂಗಿಗೆ ಹೋದೆ, ನಾನು ಬಿ.ಎ. ಮುಗಿಸಿ ಮದುವೆಗೆ ಹೋದೆ. ಆ ಮದುವೆಗೆ ನೀನು ಬರಲಿಲ್ಲ. ಆಮೇಲೆ ಬರೆದ ಎರಡು ಕಾಗದಕ್ಕೂ ಉತ್ತರ ಬರಲಿಲ್ಲ. ಅದನ್ನು ಕೇಳುವುದಕ್ಕಲ್ಲ ಇದು. ನೀನು ಕುಮಟೆಯ ಆಸ್ಪತ್ರೆಯಲ್ಲಿದ್ದೀಯೆಂದು ಗೊತ್ತಾಯಿತು. ಈ ವಿಷಯ ಕೇಳಲು ನನಗೆ ಬೇರೆ ಯಾರೂ ಇಲ್ಲ.

ಭಟ್ಕಳದ ಕಡೆ, ಬೆಳಕೆಯಲ್ಲಿ ದೇವಿ ಎದ್ದಿದೆಯೆಂದು ನಿನ್ನೆ ಮೋಟಾರಿನಿಂದ ಇಳಿದವರು ಹೇಳಿದರು. ನಾವು ಪುಸ್ತಕದಲ್ಲಿ ಸಿಡುಬು ಎಂದು ಓದಿದ್ದಕ್ಕೆ ಇಲ್ಲಿ ದೇವಿ ಎಂದು ಹೆಸರು. ಅದು ಬಾರದಿರಲೆಂದು ತೋಳು ಕೆರೆದು ಹಾಕುವ ಲಸಿಕೆಗೂ ದೇವಿ ಎಂದೇ ಹೆಸರು. ಬಂದರೂ ದೇವಿ, ಹಾಕಿಸಿದರೂ ದೇವಿ. ನಮ್ಮ ಅತ್ತೆಯವರಿಗೆ ಎರಡೂ ಒಂದೇ. "ತಾನಾಗಿ ಬಾರದವಳನ್ನ ಕರೆದು ಮನೆಯೊಳಗೆ ಕೂರಿಸ್ತಾರೇನೆ ಮಾರಾಯ್ತಿ? ಅವಳು ಹೊಳೆಯಾಚೆ ಇದ್ದಾಳೆ. ತಾರಿ ಹತ್ತಿ ಬತ್ತಾಳಾ?"

ಆ ತಾರಿದೋಣಿ ಹತ್ತಿ ದಿನಕ್ಕೆ ನೂರು ಜನ ಶರಾವತಿ ದಾಟಿ ಬರುತ್ತಾರೆ. ನಾನದನ್ನು ಹೇಳಲಿಲ್ಲ. ಹೇಳಿದ್ದರೆ ಅವರ ನಿದ್ದೆಯೂ ಹೋಗುತ್ತಿತ್ತು, ನನ್ನದಂತೂ ಹೇಗೂ ಹೋಗಿದೆ.

ಇಷ್ಟು ಚಿಕ್ಕ ಕೂಸಿಗೆ ದೇವಿ ಹಾಕಿಸಬಹುದೇ? ರೋಗ ಉಸಿರಿನಿಂದ ಹಬ್ಬುತ್ತದೆ ಎನ್ನುವುದು ನಿಜವೇ? ನಿಜವಾದರೆ, ಬಂದುಹೋಗುವವರ ಉಸಿರನ್ನು ನಾನು ಎಲ್ಲಿ ತಡೆಯಲಿ?

ಮಂಗಲಾ


ಕುಮಟಾ
11 ಜನವರಿ 1949

ಸೌ. ಮಂಗಲಾಬಾಯಿಯವರಿಗೆ,

ಕಾಗದ ತಲುಪಿತು.

ಐದು ತಿಂಗಳ ಕೂಸಿಗೆ ಹಾಕಿಸಬಹುದು. ಇಷ್ಟರೊಳಗೇ ಹಾಕಿಸಬೇಕಿತ್ತು. ನಿಮ್ಮ ಕಡೆ ದೇವಿ ಹಾಕುವವನು ಮಾಬ್ಲ ಎಂಬವನು. ಈ ವಾರ ಹೊನ್ನಾವರಕ್ಕೆ ಬರುತ್ತಾನೆ. ಮನೆಯಲ್ಲಿ ದೊಡ್ಡವರೂ ಮತ್ತೊಮ್ಮೆ ಹಾಕಿಸಿಕೊಳ್ಳುವುದು ಒಳ್ಳೆಯದು. ಕೆರೆದ ಜಾಗವನ್ನು ತೊಳೆಯಬಾರದು, ಒರೆಸಬಾರದು, ಏನನ್ನೂ ಹಚ್ಚಬಾರದು, ತಾನಾಗಿ ಒಣಗಬೇಕು. ಎಂಟನೆಯ ದಿನ ಬೊಕ್ಕೆ ಎದ್ದಿರಬೇಕು. ಏಳದಿದ್ದರೆ ಹಾಕಿಸಿದ್ದಕ್ಕೆ ಅರ್ಥವಿಲ್ಲ.

ರೋಗ ಉಸಿರಿನಿಂದಲೂ ಕೆಮ್ಮಿನಿಂದಲೂ ಹಬ್ಬುತ್ತದೆ, ರೋಗಿಯ ಬಟ್ಟೆಯಿಂದಲೂ ಹಬ್ಬುತ್ತದೆ. ಹೊರಗಿನಿಂದ ಬಂದವರು ಕೂಸಿನ ಹತ್ತಿರ ಹೋಗುವುದಾದರೆ ಕೈ ತೊಳೆದು, ತೆಳ್ಳನೆಯ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಮೂಗು ಬಾಯಿ ಎರಡೂ ಮುಚ್ಚುವಂತೆ ಕಟ್ಟಿಕೊಳ್ಳಲಿ. ಆ ಬಟ್ಟೆಯನ್ನು ದಿನಾ ಕುದಿಸಬೇಕು. ಬಟ್ಟೆ ಬರೀ ಅಡ್ಡಗೋಡೆ. ಕೂಸನ್ನು ಕಾಯುವುದು ತೋಳಿಗೆ ಹಾಕಿದ್ದು.

ಹಾಕಿಸದಿದ್ದರೆ ಏನಾಗುತ್ತದೆ ಎಂದು ನಾನು ಬರೆಯಬೇಕಾಗಿಲ್ಲ. ನಿಮ್ಮ ಅತ್ತೆಯವರು ನನ್ನ ಮುಖ ನೋಡಿದ್ದಾರೆ.

ಸರೋಜಾ

ಕೂಸಿನ ಹೆಸರು ಬರೆದಿಲ್ಲ.


ಹೊನ್ನಾವರ
23 ಜನವರಿ 1949

ಸರೂ,

ಹೆಸರು ದುರ್ಗಾ. ಕರೆಯುವುದು ಮಾತ್ರ ಕೂಸು ಎಂದೇ.

ಹದಿನೈದನೆಯ ತಾರೀಕು ಮಾಬ್ಲ ಬಂದ. ಕಂಕುಳಲ್ಲಿ ತಗಡಿನ ಪೆಟ್ಟಿಗೆ, ತಲೆಗೆ ಬಿಸಿಲು ತಿಂದ ಟೊಪ್ಪಿಗೆ. ಅತ್ತೆಯವರು ಜಗಲಿಯಲ್ಲೇ ಅಡ್ಡ ನಿಂತರು.

"ಹಸುಗೂಸಿಗೆ ಗಾಯ ಮಾಡುಕೆ ಸರಕಾರ ಪಗಾರ ಕೊಡ್ತದಾ ನಿಂಗೆ?"

"ಗಾಯಕ್ಕೆ ಕೊಡ್ತದೆ ಅಮ್ಮ. ಬೈಗಳ ತಿಂಬುಕೆ ಎಂತ ಇಲ್ಲ, ಅದು ಧರ್ಮಕ್ಕೆ."

ಅತ್ತೆಯವರಿಗೆ ನಗು ಬಂತು. ನಗು ಬಂದ ಮೇಲೆ ಅಡ್ಡ ನಿಲ್ಲುವುದು ಕಷ್ಟ. ಇವರೂ ನಾನೂ ಮೊದಲು ತೋಳು ಚಾಚಿದೆವು, ಆಮೇಲೆ ಕೂಸು. ಹೆಸರು ಕೇಳಿ ಮಾಬ್ಲ, "ದುರ್ಗೆಗೇ ದೇವಿ ಹಾಕುದಾ" ಎಂದ. ನಾಲ್ಕು ಕಡೆ ಕೆರೆದ. ಕೂಸು ಕಿರುಚಿದ್ದು ಬಂದರಿನವರೆಗೂ ಕೇಳಿರಬೇಕು. ಅತ್ತೆಯವರು ಅವಳನ್ನು ನನ್ನ ಕೈಯಿಂದ ಕಸಿದುಕೊಂಡು ಒಳಗೆ ಹೋದರು. ಅಜ್ಜಿಯ ಹೆಗಲಲ್ಲಿ ಅವಳು ಬೇಗ ಸುಮ್ಮನಾಗುತ್ತಾಳೆ.

ನಿನ್ನೆ ಎಂಟನೆಯ ದಿನ. ಮಾಬ್ಲ ಬಂದು ತೋಳು ತಿರುಗಿಸಿ ನೋಡಿದ. ಏನೂ ಇಲ್ಲ. ನಾಲ್ಕು ಗೀರುಗಳ ಸಣ್ಣ ಗುರುತು, ಅಷ್ಟೆ. ಅವನು ಬಗ್ಗಿ ತೋಳನ್ನು ಮೂಸಿದ.

"ಅಮ್ಮ, ದೇವಿಗೆ ಅಭ್ಯಂಜನ ಮಾಡಿಸಿರಾ?"

"ಗಾಯ ಆದರೆ ಬಿಸಿನೀರಲ್ಲಿ ಒರೆಸಬೇಕು, ಅರಿಶಿನ ಕಲಸಿ ತೆಂಗಿನೆಣ್ಣೆ ಹಚ್ಚಬೇಕು" ಎಂದರು ಅತ್ತೆಯವರು. "ಹಚ್ಚಿದೆ. ದಿನಾ ಹಚ್ಚಿದೆ. ನೋಡು, ಹೆಂಗೆ ಮಾಯ್ದದೆ."

ಅವರ ಮುಖದಲ್ಲಿ ಎಷ್ಟು ಸಮಾಧಾನವಿತ್ತೆಂದರೆ, ಸರೂ, ಅವರಿಗೆ ನಿಜ ಹೇಳಲು ನನಗೆ ಬಾಯಿ ಬರಲಿಲ್ಲ. ಮಾಬ್ಲನೇ ಹೇಳಿದ. ಆ ಗಾಯ ಮಾಯಬಾರದಿತ್ತು, ಏಳಬೇಕಿತ್ತು ಎಂದ. ಅವರು ಎದ್ದು ಒಳಗೆ ಹೋದರು. ಒರೆಸಬಾರದೆಂದು ನೀನು ಬರೆದಿದ್ದೆ, ನಾನು ಓದಿದ್ದೆ. ಓದು ಬರದವರ ಕೈಯಲ್ಲಿ ಕೂಸನ್ನು ಕೊಟ್ಟು, ಓದಿದ್ದನ್ನು ಹೇಳದೆ ಕುಳಿತೆ. ಬಿ.ಎ. ಓದಿದವಳು.

ಮಾಬ್ಲನ ಹತ್ತಿರ ಲಸಿಕೆ ಮುಗಿದಿದೆ. ಹೊಸದು ಬರಲು ಹತ್ತು ದಿನ ಬೇಕಂತೆ. ಅಲ್ಲಿಯವರೆಗೆ ನಿನ್ನ ಬಟ್ಟೆಯೇ ಗತಿ. ಇವರ ಹಳೆಯ ಧೋತರ ಹರಿದು ಹನ್ನೆರಡು ಮಾಡಿದ್ದೇನೆ. ಅತ್ತೆಯವರು ಕಟ್ಟಿಕೊಂಡು, "ಭತ್ತ ತೂರುಕೆ ಹೊರಟಂಗೆ ಆತು" ಎಂದರು; ಆದರೆ ಬಿಚ್ಚಲಿಲ್ಲ. ಕಷ್ಟವಾದದ್ದು ಹೊನ್ನಿಯದು. ಕರ್ಕಿಯಿಂದ ದಿನಾ ಕೆಲಸಕ್ಕೆ ಬರುವವಳು, ಬಾಯಲ್ಲಿ ಎಲೆ ಅಡಿಕೆ ಇಲ್ಲದೆ ಪಾತ್ರೆ ಮುಟ್ಟಳು. "ಬಾಯಿ ಕಟ್ಟಿದರೆ ನಾ ಕವಳ ಹಾಕುದು ಹೆಂಗೆ ಅಮ್ಮ?" ಎಂದಳು. ಇವತ್ತು ನೋಡಿದರೆ ಬಟ್ಟೆಯ ನಡುವೆ ಅಚ್ಚುಕಟ್ಟಾಗಿ ಒಂದು ತೂತು ಮಾಡಿ, ಸುತ್ತ ಹೊಲಿಗೆಯನ್ನೂ ಹಾಕಿಕೊಂಡು ಬಂದಿದ್ದಾಳೆ. ಎಷ್ಟೋ ದಿನದ ಮೇಲೆ ನಕ್ಕೆ. ನಕ್ಕು, ಅವಳಿಗೆ ಇನ್ನೊಂದು ಬಟ್ಟೆ ಕೊಟ್ಟು, ಕವಳಕ್ಕೆ ಹಿತ್ತಲು ತೋರಿಸಿದೆ.

ಮಂಗಲಾ


ಕುಮಟಾ
26 ಜನವರಿ 1949

ಮಂಗಲಾ,

ನಿನ್ನ ಅತ್ತೆಗೆ ಏನೂ ಅನ್ನಬೇಡ. ಒಳ್ಳೆಯ ಕೈಯಿಂದ ಆದದ್ದು ಅದು. ಒರೆಸಬೇಡಿ ಎಂದು ಮಾಬ್ಲನೂ ಮನೆಯ ಹಿರಿಯರಿಗೆ ಹೇಳಬೇಕಿತ್ತು. ನಾನು ಇಲ್ಲಿ ಈಗ ಅಜ್ಜಿಯರನ್ನೇ ಮೊದಲು ಕೂರಿಸಿ ಹೇಳುತ್ತೇನೆ.

ಹಾಸ್ಟೆಲಿನಲ್ಲಿ ನೀನು ಒಮ್ಮೆಯೂ ಕೇಳದಿದ್ದುದನ್ನು ಹೇಳುತ್ತೇನೆ. ನನಗೆ ಏಳು ವರ್ಷವಾಗಿದ್ದಾಗ ನಮ್ಮ ಕೇರಿಗೆ ದೇವಿ ಹಾಕುವವನು ಬಂದಿದ್ದ. ತಮ್ಮನಿಗೆ ಹಾಕಿದ. ನನಗೆ ಆ ದಿನ ಸ್ವಲ್ಪ ಮೈ ಬಿಸಿಯಿತ್ತು. ಮುಂದಿನ ಸಲ ನೋಡುವ ಎಂದು ಹೋದ. ಮುಂದಿನ ಸಲಕ್ಕೆ ಮುಂಚೆ ರೋಗ ಬಂತು. ಒಂದೇ ಚಾಪೆಯಲ್ಲಿ ಮಲಗುತ್ತಿದ್ದ ತಮ್ಮನಿಗೆ ಒಂದು ಗುಳ್ಳೆಯೂ ಏಳಲಿಲ್ಲ. ಅಷ್ಟೇ ನನ್ನ ಕಥೆ. ನರ್ಸಿಂಗಿಗೆ ಏಕೆ ಹೋದೆ ಎಂದು ಕೇಳಿದವರಿಗೆ ನಾನು ಬೇರೆ ಏನೇನೋ ಹೇಳುತ್ತೇನೆ.

ಫೆಬ್ರವರಿ ನಾಲ್ಕಕ್ಕೆ ಇಲ್ಲಿಗೆ ಹೊಸ ಲಸಿಕೆ ಬರುತ್ತದೆ. ಕೂಸನ್ನು ಕರೆದುಕೊಂಡು ನೀನೇ ಬಾ. ನಿನ್ನ ಮನೆಗೆ ನಾನು ಬರುವುದಿಲ್ಲ.

ಸರೋಜಾ


ಹೊನ್ನಾವರ
2 ಫೆಬ್ರವರಿ 1949

ಸರೂ,

ರೋಗ ಹೊಳೆ ದಾಟಿತು. ಪೇಟೆಯಲ್ಲಿ ಒಂದು ಮನೆಯ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದ್ದಾರೆ. ನಮ್ಮಲ್ಲಿಂದ ಮೂರನೆಯ ಓಣಿ. ಕುಮಟೆಯ ಮೋಟಾರಿನಲ್ಲಿ ಜನ ಒಬ್ಬರ ಮೇಲೊಬ್ಬರು ಕೂತು ಕೆಮ್ಮುತ್ತಾರೆ. ಕೂಸನ್ನು ಅದರಲ್ಲಿ ತರಲು ನನಗೆ ಧೈರ್ಯವಿಲ್ಲ.

ಧೈರ್ಯ ಮಾಡಿದರೂ ಅತ್ತೆಯವರು ಬಿಡುವುದಿಲ್ಲ. ಎರಡನೆಯ ಸಲ ಹಾಕಿಸಲು ಸುತರಾಂ ಒಪ್ಪುತ್ತಿಲ್ಲ. ಮೊದಲು ಸಿಟ್ಟೆಂದುಕೊಂಡೆ. ನಿನ್ನೆ ಅಕ್ಕಿ ಆರಿಸುವಾಗ ತಾವಾಗಿ ಹೇಳಿದರು. "ಕರೆದು ಕೂರಿಸಿದ ದೇವಿಯನ್ನ ನಾನು ಬಿಸಿನೀರು ಹಾಕಿ ಒರೆಸಿ ಕಳಿಸಿದೆ. ಈಗ ಯಾವ ಬಾಯಲ್ಲಿ ಮತ್ತೆ ಬಾ ಅನ್ನುದು? ಬಂದರೆ ಸಿಟ್ಟಲ್ಲಿ ಬತ್ತಾಳೆ." ನಾನು ಲಸಿಕೆ, ಹಸುವಿನ ಬೊಕ್ಕೆ, ವಿಜ್ಞಾನ ಎಲ್ಲ ಹೇಳಿದೆ. ಅವರು ಪೂರ್ತಿ ಕೇಳಿ, ಒಂದು ಕಲ್ಲು ಆರಿಸಿ ಎಸೆದು ಹೇಳಿದರು.

"ಆ ಕುಮಟೆ ಹುಡುಗಿ ಬಂದು ಹಾಕಿದರೆ ಆತು."

"ಯಾರು?"

"ಅದೇ, ನಿನ್ನ ಗೆಳತಿ. ಅವಳ ಮೈಮೇಲೆ ದೇವಿ ಬಂದು, ಇದ್ದು, ಹರಸಿ ಹೋಗಿದ್ದಾಳಲ್ದಾ. ಅವಳ ಕೈಯಿಂದಾದರೆ ಸಿಟ್ಟು ಮಾಡುದಿಲ್ಲ."

ನನಗೆ ಅಕ್ಕಿ ಕಾಣದಾಯಿತು. ಯಾವ ಗುರುತಿಗಾಗಿ ಬೇಡವೆಂದರೋ ಅದೇ ಗುರುತು ಬೇಕೆಂದು ಕೇಳುತ್ತಿದ್ದಾರೆ. ಹಾಗೆ ಕೇಳುತ್ತಿದ್ದೇನೆಂದು ಅವರಿಗೂ ಗೊತ್ತಿದೆ.

ನನಗೂ ಗೊತ್ತಿತ್ತು, ಸರೂ. ಈ ಮನೆಯವರು ಮೊದಲು ನಿನ್ನನ್ನು ನೋಡಲು ಹೋಗಿದ್ದರು, ಮುಖದ ಕಲೆ ಕಂಡು ಎದ್ದು ಬಂದರು, ಆಮೇಲೆ ನಮ್ಮ ಮನೆಗೆ ಬಂದರು. ಆಗ ಬದುಕಿದ್ದ ನನ್ನ ಮಾವನವರು ಅದನ್ನು ಮದುವೆಗೆ ಮುಂಚೆಯೇ ನಮ್ಮ ಅಪ್ಪಯ್ಯನಿಗೆ ಹೇಳಿದ್ದರು, ಅಪ್ಪಯ್ಯ ನನಗೆ ಹೇಳಿದ್ದ. ಕೇಳಿಯೂ ನಾನು ಒಪ್ಪಿಕೊಂಡೆ. ನಿನಗೆ ಬರೆದ ಎರಡು ಕಾಗದದಲ್ಲಿ ಸೀರೆಯ ಬಣ್ಣ ಬರೆದೆ, ಸಮುದ್ರದ ಗಾಳಿ ಬರೆದೆ, ಇದೊಂದನ್ನು ಬರೆಯಲಿಲ್ಲ. ಈಗ ಬರೆಯುತ್ತಿರುವುದೂ ಕೂಸಿನ ಭಯದಿಂದಲೇ ಇರಬಹುದು. ಹಾಗಿದ್ದರೂ ಬಾ. ನನ್ನ ಸಲುವಾಗಿ ಬರಬೇಡ.

ಮಂಗಲಾ


ಕುಮಟಾ
7 ಫೆಬ್ರವರಿ 1949

ಮಂಗಲಾ,

ನಿನ್ನೆ ಭಾನುವಾರ ಹೊನ್ನಾವರದಲ್ಲಿ ಮೋಟಾರಿನಿಂದ ಇಳಿದಾಗ ನಿನ್ನನ್ನು ಗುರುತಿಸಲು ಒಂದು ಕ್ಷಣ ಹಿಡಿಯಿತು. ಬಟ್ಟೆಯ ಮೇಲೆ ಬರೀ ಎರಡು ನಿದ್ದೆಗೆಟ್ಟ ಕಣ್ಣು. ಎಷ್ಟು ಇಳಿದುಹೋಗಿದ್ದೀಯ.

ನೀನು ನೀರು ಕಾಯಿಸಲು ಒಳಗೆ ಹೋಗಿದ್ದೆಯಲ್ಲ, ಆಗ ಆದದ್ದು ನಿನಗೆ ಗೊತ್ತಿಲ್ಲ. ನೀನು ಬರುವಷ್ಟರಲ್ಲಿ ಮುಗಿದಿತ್ತು, ಅದಕ್ಕೆ ಬರೆಯುತ್ತೇನೆ.

ನಿನ್ನ ಅತ್ತೆ ನನ್ನನ್ನು ಜಗಲಿಯ ಬೆಳಕಿಗೆ ಕೂರಿಸಿ ಮುಖದ ಬಟ್ಟೆ ಬಿಚ್ಚೆಂದರು. ಬಿಚ್ಚಿದೆ. ನಾಲ್ಕು ವರ್ಷದ ಹಿಂದೆಯೂ ಇದೇ ಮುಖವನ್ನು ಇದೇ ಕಣ್ಣು ನೋಡಿತ್ತು. ಏನು ಹೇಳುತ್ತಾರೋ ಹೇಳಲಿ ಎಂದು ಹಲ್ಲು ಕಚ್ಚಿ ಕೂತಿದ್ದೆ.

"ಬಹಳ ಉರಿ ಇತ್ತಾ ಮಗಾ?" ಎಂದರು.

ನನ್ನನ್ನು ಯಾರೂ ಹಾಗೆ ಕೇಳಿದವರಿಲ್ಲ. ಎಲ್ಲರೂ ಮುಖದ ಬಗ್ಗೆ ಕೇಳುತ್ತಾರೆ, ಉರಿಯ ಬಗ್ಗೆ ಕೇಳುವುದಿಲ್ಲ. ಇತ್ತು ಎಂದೆ. ಎಷ್ಟು ದಿನ ಎಂದರು. ಇಪ್ಪತ್ತೆರಡು ದಿನ ಎಂದೆ.

"ಆವತ್ತು ನಿಮ್ಮನೇಲಿ ಕೊಟ್ಟ ಅವಲಕ್ಕಿ ಮುಟ್ಟದೆ ಎದ್ದು ಬಂದೆ, ಅಲ್ದಾ?"

ಹೆಣ್ಣು ನೋಡಲು ಬಂದವರು ತಟ್ಟೆ ಮುಟ್ಟದೆ ಎದ್ದರೆ ಏನರ್ಥವೆಂದು ನಮಗೆಲ್ಲ ಗೊತ್ತಿದ್ದದ್ದೇ. "ಹೌದಮ್ಮ" ಎಂದೆ.

"ಈಗ ನಿನ್ನ ಚೀಲದಲ್ಲಿ ತಿಂಬುಕೆ ಎಂತ ಅದೆ?"

ಮಧ್ಯಾಹ್ನಕ್ಕೆಂದು ಎರಡು ದೋಸೆ ಕಟ್ಟಿಕೊಂಡಿದ್ದೆ. ನಿನ್ನೆಯದು, ಗಟ್ಟಿಯಾಗಿದೆ ಎಂದೆ. "ಗಟ್ಟಿಯಾ ಮೆತ್ತಗಾ ಅಂತ ಕೇಳಿದ್ನಾ?" ಎಂದು ಕೈ ಚಾಚಿದರು. ಒಂದನ್ನು ತೆಗೆದುಕೊಂಡು, ಕೂಸಿನ ಹತ್ತಿರ ಬಾಯಿ ಬಿಚ್ಚಬಾರದೆಂದು ಅಂಗಳಕ್ಕಿಳಿದು, ತುಳಸಿಕಟ್ಟೆಯ ಪಕ್ಕ ನಿಂತು ಪೂರ್ತಿ ತಿಂದರು. ಹಲ್ಲಿಲ್ಲದ ಕಡೆಯಿಂದ ಹಲ್ಲಿರುವ ಕಡೆಗೆ ತಿರುಗಿಸಿ ಅಗಿಯುತ್ತಿದ್ದದ್ದು ನನಗೆ ಕಾಣುತ್ತಿತ್ತು. ಕೈ ತೊಳೆದು ಬಟ್ಟೆ ಕಟ್ಟಿಕೊಂಡು ಬಂದರು. ಅವರು ಕ್ಷಮೆ ಕೇಳಲಿಲ್ಲ, ನಾನು ಕೊಡಲೂ ಇಲ್ಲ. ಒಂದು ದೋಸೆ ಖರ್ಚಾಯಿತು.

ಆಮೇಲಿನದು ನೀನು ನೋಡಿದ್ದೀಯ. "ಮೊದಲು ನಂಗೆ ಹಾಕು, ನಂಗೆ ಎಂತಾದರೂ ಆದರೆ ಕೂಸಿಗೆ ಬೇಡ" ಎಂದು ತೋಳು ಚಾಚಿದ್ದು, ನಿನ್ನ ಕೈಯಿಂದ ನೀರಿನ ಪಾತ್ರೆ ಜಾರಿದ್ದು. ಅರವತ್ತು ದಾಟಿದವರ ತೋಳಲ್ಲಿ ಒಂದು ಗುರುತೂ ಇರಲಿಲ್ಲ. ಅವರಿಗೂ ಇದೇ ಮೊದಲು. ಅವರಿಗೆ ಹಾಕಿದ ಮೇಲೆಯೇ ಕೂಸಿನ ತೋಳು ನನ್ನ ಕೈಗೆ ಸಿಕ್ಕಿದ್ದು.

ಈಗ ಸರಿಯಾಗಿ ಓದು, ಓದಿ ಎಲ್ಲರಿಗೂ ಗಟ್ಟಿಯಾಗಿ ಹೇಳು. ಮೂರು ನಾಲ್ಕನೆಯ ದಿನ ಕೆಂಪು ಗಂಟು. ಆಮೇಲೆ ನೀರು ತುಂಬಿ ಮುತ್ತಿನ ಹಾಗೆ. ಎಂಟನೆಯ ದಿನಕ್ಕೆ ನಡುವೆ ಸಣ್ಣ ಗುಳಿ ಬಿದ್ದಿರಬೇಕು, ಸುತ್ತ ಕೆಂಪು ಬಳೆ ಇರಬೇಕು. ನಡುವೆ ಜ್ವರ ಬಂದರೆ ಹೆದರಬೇಡ. ಮಾಬ್ಲ ಇಪ್ಪತ್ತರವರೆಗೆ ಕಾಯ್ಕಿಣಿಯ ಕಡೆ ಇರುತ್ತಾನೆ. ನೀನೇ ನೋಡಿ ನನಗೆ ತಿಳಿಸು.

ನಿನ್ನ ಕಾಗದದ ಉಳಿದ ವಿಷಯಕ್ಕೆ ಉತ್ತರ ಬರೆಯಲು ಎರಡು ಸಲ ಕೂತೆ. ಎದುರಿಗಿದ್ದಾಗಲೂ ಆಗಲಿಲ್ಲ. ಇರಲಿ.

ನಿನ್ನ ಸರೂ


ಹೊನ್ನಾವರ
13 ಫೆಬ್ರವರಿ 1949, ಸಂಜೆ ಆರು

ಸರೂ,

ಇದನ್ನು ಅಂಚೆಗೆ ಹಾಕುತ್ತಿಲ್ಲ. ಇವರು ಕೆಲಸ ಮಾಡುವ ಕಟ್ಟಿಗೆ ವಖಾರಿಯ ಲಾರಿ ಈಗ ಕುಮಟೆಗೆ ಹೊರಟಿದೆ. ಡ್ರೈವರ್ ಬೊಮ್ಮಯ್ಯ ರಾತ್ರಿ ಎಂಟಕ್ಕೆ ನಿನ್ನ ಕೈಗೇ ಕೊಡುತ್ತಾನೆ. ಅವನು ಹೊರಗೆ ಹಾರನ್ ಹೊಡೆಯುತ್ತಿದ್ದಾನೆ, ಅಕ್ಷರ ಕ್ಷಮಿಸು.

ನಾಲ್ಕನೆಯ ದಿನ ಕೆಂಪು ಗಂಟು ಬಂತು. ಆರನೆಯ ದಿನ ರಾತ್ರಿ ಜ್ವರ. ನೀನು ಹೆದರಬೇಡ ಎಂದು ಬರೆದಿದ್ದೆ, ಆ ಸಾಲನ್ನು ಹನ್ನೊಂದು ಸಲ ಓದಿ ಹೆದರಿದೆ. ಬೆಳಿಗ್ಗೆ ಇಳಿಯಿತು. ಅತ್ತೆಯವರು ಎಣ್ಣೆಯ ಭರಣಿಯನ್ನೇ ಅಟ್ಟಕ್ಕೇರಿಸಿ ಏಣಿ ತೆಗೆದಿಟ್ಟಿದ್ದಾರೆ. ಎಂಟು ದಿನದಿಂದ ಒಗ್ಗರಣೆಯಿಲ್ಲದ ಸಾರು. ಹೊನ್ನಿ ಮರೆತು ಕೂಸಿನ ತೋಳು ಮುಟ್ಟಲು ಹೋದಾಗ ಅವರು ಬೈದದ್ದನ್ನು ಬರೆಯಲಾರೆ. ಹೊನ್ನಿಯೂ ಮೊನ್ನೆ ತನ್ನ ಇಬ್ಬರು ಮಕ್ಕಳನ್ನು ನಿಮ್ಮ ಆಸ್ಪತ್ರೆಗೇ ಕರೆದುಕೊಂಡು ಹೋಗಿ ಹಾಕಿಸಿಕೊಂಡು ಬಂದಳು. ಪೇಟೆಯ ಆ ಮನೆಯ ಹುಡುಗ ಉಳಿದನಂತೆ. ನಮ್ಮ ಓಣಿಯಲ್ಲಿ ಈವರೆಗೆ ಯಾರಿಗೂ ಇಲ್ಲ.

ಇವತ್ತು ಎಂಟನೆಯ ದಿನ. ಕೂಸಿನ ತೋಳನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿದೆ. ನಾಲ್ಕರಲ್ಲಿ ಮೂರು ಎದ್ದಿವೆ. ಮುತ್ತಿನ ಬಣ್ಣವೇ. ಸುತ್ತ ಕೆಂಪು ಬಳೆ ಇದೆ, ಒಂದು ದುಡ್ಡಿನಗಲ. ಎರಡರಲ್ಲಿ ನಡುವೆ ಗುಳಿ ಚೆನ್ನಾಗಿ ಕಾಣುತ್ತದೆ. ಮೂರನೆಯದರಲ್ಲಿ ಇದೆಯೆಂದರೆ ಇದೆ, ಇಲ್ಲವೆಂದರೆ ಇಲ್ಲ. ಕೀವಿನ ವಾಸನೆಯಿಲ್ಲ. ಕೂಸು ಹಾಲು ಕುಡಿಯುತ್ತಾಳೆ, ನಗುತ್ತಾಳೆ, ಮುಟ್ಟಿದರೆ ಮಾತ್ರ ಕಿರುಚುತ್ತಾಳೆ. ಅತ್ತೆಯವರು ತಮ್ಮ ತೋಳನ್ನು ಅವಳ ತೋಳಿನ ಪಕ್ಕ ಇಟ್ಟು ನೋಡಿದರು. ಅವರದು ನಾಲ್ಕೂ ಎದ್ದಿದೆ. "ಗುಳಿ ಬಿದ್ದದೆ. ಇದೇ. ಬಂದು ಕೂತಳು, ಇನ್ನು ಹೆದರುಕಿಲ್ಲ" ಎಂದು ಹೇಳಿ, ಹೊಸ್ತಿಲಿಗೆ ಹೂವಿಟ್ಟು, ಇವತ್ತು ಬೇಗ ಮಲಗುತ್ತೇನೆಂದು ಚಾಪೆ ಹಾಸಿಕೊಂಡಿದ್ದಾರೆ. ಇವರಿಗೂ ಸಮಾಧಾನವಾಗಿದೆ. ನನಗೂ ಆಗಿದೆ, ಸರೂ, ಮುಕ್ಕಾಲು ಪಾಲು. ಈ ಮನೆಯಲ್ಲಿ ಇಷ್ಟು ಹಗುರವಾದ ಸಂಜೆಯನ್ನು ನಾನು ಕಂಡೇ ಇಲ್ಲ. ಉಳಿದ ಕಾಲು ಪಾಲಿಗೆ ಆ ಮೂರನೆಯ ಬೊಕ್ಕೆ ಕಾರಣ.

ವಖಾರಿಗೆ ಹೋದ ತಿಂಗಳು ಫೋನು ಬಂದಿದೆ. ನಿಮ್ಮ ಆಸ್ಪತ್ರೆಯ ಎದುರಿನ ವ್ಯಾಪಾರದ ಪೇಢಿಯಲ್ಲೂ ಇದೆಯೆಂದು ಬೊಮ್ಮಯ್ಯ ಹೇಳಿದ. ರಾತ್ರಿಯಾದರೂ ಅವರು ನರ್ಸಬಾಯಿಗೆ ಇಲ್ಲವೆನ್ನಲಾರರು. ಇವತ್ತೊಂದು ರಾತ್ರಿ ವಖಾರಿಯ ಕಾವಲು ಇವರದು, ಬೀಗದ ಕೈ ನಮ್ಮಲ್ಲಿದೆ. ಬೆಳಿಗ್ಗೆ ಆರಕ್ಕೆ ಮಾಲೀಕರು ಬಂದರೆ ಫೋನಿನ ಕೋಣೆಗೆ ಹೆಂಗಸರಿಗೆ ಪ್ರವೇಶವಿಲ್ಲ. ಕೂಸನ್ನು ಮಲಗಿಸಿ ಅಜ್ಜಿಯ ಮಗ್ಗುಲಿಗೆ ಬಿಟ್ಟು, ಒಂಬತ್ತರಿಂದ ನಾನೇ ಅದರ ಮುಂದೆ ಕೂತಿರುತ್ತೇನೆ. ಹಿತ್ತಲಿನ ಬಾಗಿಲು ದಾಟಿದರೆ ವಖಾರಿ. ಅವಳು ಅತ್ತರೆ ಕೇಳುತ್ತದೆ. ಯಾವ ಕಡೆ ಕಿವಿಗೆ, ಯಾವ ಕಡೆ ಬಾಯಿಗೆ ಎಂದು ಇವರು ತೋರಿಸಿಕೊಟ್ಟಿದ್ದಾರೆ.

ಮೂರರಲ್ಲಿ ಎರಡು ಸರಿಯಾಗಿದ್ದರೆ ಸಾಕೇ, ಅಷ್ಟು ಹೇಳು. ಅದಾದ ಮೇಲೆ ನೀನು ಎರಡು ಸಲ ಕೂತು ಬರೆಯದೆ ಬಿಟ್ಟದ್ದನ್ನೂ ಹೇಳು. ಬೈಯುವುದಿದ್ದರೆ ಬೈ, ನಾಲ್ಕು ವರ್ಷದ ಬಾಕಿ ನಾನು ಕೇಳಿಸಿಕೊಳ್ಳಬೇಕಾದದ್ದೇ. ಬರೀ ಸುಮ್ಮನಿದ್ದರೂ ಆದೀತು, ಆ ತುದಿಯಲ್ಲಿ ನೀನಿದ್ದೀಯೆಂದು ಗೊತ್ತಾದರೆ ನಾನು ಬಂದು ಮಲಗುತ್ತೇನೆ. ಹನ್ನೆರಡಾದರೂ ಸರಿ, ಮೂರಾದರೂ ಸರಿ, ನಾನು ಎದ್ದೇ ಇರುತ್ತೇನೆ. ದಯಮಾಡಿ, ಸರೂ, ಬೆಳಗಾಗುವುದರೊಳಗೆ ಫೋನು ಮಾಡು.

ನಿನ್ನ
ಮಂಗಲಾ